ಹಲಗೆ ಎತ್ತುವ ಹೊತ್ತು

ಆ ಮನೆಯವರು ಸಿಗಡಿ ಬೆಳೆಯುತ್ತಿದ್ದರು, ತಿನ್ನುವ ಸಿಗಡಿಯನ್ನು ಮಾತ್ರ ಮಾರ್ಕೆಟ್ಟಿನಿಂದ ತರುತ್ತಿದ್ದರು. ಸ್ವಂತ ಹೊಂಡದ್ದನ್ನು ಬಲೆ ಎಳೆಯುವ ದಿನದವರೆಗೂ ಒಂದೇ ಒಂದನ್ನೂ ಮುಟ್ಟಬಾರದೆಂದು ಅಜ್ಜನ ಅಪ್ಪ ಕಟ್ಟಳೆ ಮಾಡಿಟ್ಟುಹೋಗಿದ್ದ. ಆತ ಹೋಗಿ ಇಪ್ಪತ್ತೆಂಟು ವರ್ಷವಾದರೂ ಅದನ್ನು ಮುರಿಯುವ ಎದೆಗಾರಿಕೆ ಯಾರಿಗೂ ಬಂದಿರಲಿಲ್ಲ. ಹಿತ್ತಲಿನಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಲಕ್ಷಗಟ್ಟಲೆ ಸಿಗಡಿ ಈಜಾಡುತ್ತಿರುವಾಗ ಅಜ್ಜಿ ಚೀಲ ಹಿಡಿದು ಹೊರಡುವುದನ್ನು ಕಂಡರೆ ಮೀನು ಮಾರುವವಳಿಗೆ ಎಲ್ಲಿಲ್ಲದ ನಗು.

"ಏನಮ್ಮಾ, ಮನೇಲಿ ಬಾವಿ ಇಟ್ಕೊಂಡು ನೀರು ಕೊಳ್ಳೋಕೆ ಬಂದ್ಯಾ?"

"ಬಾವಿ ನಮ್ಮ ಮಾವಂದು ಕಣೇ. ಹಗ್ಗ ಅವರ ಹತ್ರಾನೇ ಇದೆ. ಸುಮ್ನೆ ಒಳ್ಳೇದು ನೋಡಿ ತೂಗು" ಎನ್ನುತ್ತಿದ್ದಳು ಅಜ್ಜಿ.

ಆವತ್ತು ಅವಳು ಮಾರ್ಕೆಟ್ಟಿಗೆ ಹೋದದ್ದು ಅಜ್ಜನ ಬಾಯಿ ಕೆಟ್ಟಿದ್ದರಿಂದ. ಇಪ್ಪತ್ತು ದಿನ ಜ್ವರದಲ್ಲಿ ಮಲಗಿ ಎದ್ದಿದ್ದ ಅಜ್ಜ ಗಂಜಿಯ ಬಟ್ಟಲು ಕಂಡರೆ ಮುಖ ತಿರುಗಿಸುತ್ತಿದ್ದ. "ಒಂದು ಸಿಗಡಿ ಸಾರು ಮಾಡೇ. ಬದುಕಿದ್ದೀನೋ ಇಲ್ವೋ ಗೊತ್ತಾಗ್ಲಿ" ಎಂದ. ಅಜ್ಜಿ ಎರಡನೇ ಮಾತಾಡದೆ ಹೋಗಿ ತಂದು, ಬುಟ್ಟಿ ಹಿಡಿದು ಹಿತ್ತಲಿನ ಮೆಟ್ಟಿಲಿಳಿದಳು.

ಆ ಮೆಟ್ಟಿಲಿನ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಡುಗೆಮನೆಯ ಹಿಂದೆ ಕಾಲುವೆ. ಸಮುದ್ರದ ಭರತ ಏರಿದಾಗ ಅದರಲ್ಲಿ ಉಪ್ಪುನೀರು ಬಂದು ತುಂಬುತ್ತದೆ. ಮೂವತ್ತು ಅಡಿ ಆಚೆಗೆ ಹೊಂಡಕ್ಕೆ ನೀರು ಬಿಡುವ ತೂಬು. ತೂಬಿಗೆ ಒಂದರ ಮೇಲೊಂದು ಕೂರಿಸಿದ ಮರದ ಹಲಗೆಗಳು. ಉದ್ದನೆಯ ಕಬ್ಬಿಣದ ಕೊಕ್ಕೆಯಿಂದ ಹಲಗೆ ಎತ್ತಿದರೆ ನೀರು ಒಳಕ್ಕೆ, ಇಳಿಸಿದರೆ ಬಂದ್. ಅಜ್ಜಿ ಮದುವೆಯಾಗಿ ಬಂದಾಗ ಕಾಲುವೆಗೆ ಇಳಿಯಲು ಇದ್ದದ್ದು ಬರೀ ಕೆಸರಿನ ದಂಡೆ. ಮೊದಲ ವಾರವೇ ಅವಳು ಪಾತ್ರೆ ಸಮೇತ ಜಾರಿ ಬಿದ್ದಳು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಕ್ಕರು. ಗಂಡ ನಗಲಿಲ್ಲ. ಎಂಟು ಭಾನುವಾರ, ಮುರಿದುಬಿದ್ದ ಹಳೇ ಸೇತುವೆಯ ಕಲ್ಲುಗಳನ್ನು ಒಬ್ಬನೇ ಉರುಳಿಸಿ ತಂದು ಏಳು ಮೆಟ್ಟಿಲು ಕಟ್ಟಿದ. "ಇದ್ಯಾಕೋ?" ಎಂದು ಅಪ್ಪ ಕೇಳಿದ್ದಕ್ಕೆ, "ನೀರು ಎಷ್ಟು ಏರಿದೆ ಅಂತ ನೋಡೋಕೆ ಬೇಕಿತ್ತು" ಎಂದನಂತೆ. ಹೆಂಡತಿಗೋಸ್ಕರ ಎಂದು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಆಗ ಮನೆತುಂಬ ಜನ. ನಡುಮನೆಯಲ್ಲಿ ಮಾವ, ಜಗಲಿಯಲ್ಲಿ ಮೈದುನರು, ಅಡುಗೆಮನೆಯಲ್ಲಿ ಅತ್ತೆ. ಗಂಡಹೆಂಡತಿ ಒಂದು ಮಾತಾಡಬೇಕೆಂದರೆ ಜಾಗವಿರಲಿಲ್ಲ. ಅವನು ಕೊಕ್ಕೆ ಹಿಡಿದು ತೂಬಿನ ಕಡೆ ಹೊರಟನೆಂದರೆ ಇವಳಿಗೆ ತೊಳೆಯಲು ಏನಾದರೊಂದು ಸಿಕ್ಕೇಬಿಡುತ್ತಿತ್ತು. ಮೂರನೇ ಮೆಟ್ಟಿಲ ಮೇಲೆ ಕೂತು ಇವಳು ತೊಳೆಯುವುದು, ಅಲ್ಲಿ ಅವನು ಹಲಗೆ ಎತ್ತುವುದು, ನಡುವೆ ಹರಿಯುವ ನೀರಿನ ಮೇಲೆ ಇಬ್ಬರ ಮಾತು. "ಏನೇ, ಮಧ್ಯಾಹ್ನಕ್ಕೇನು ಅಡುಗೆ?" ಎಂದು ಅವನು ಶುರು ಮಾಡುತ್ತಿದ್ದ. ಅಲ್ಲಿಂದ ಮಾತು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಮೊದಲ ಬಸಿರಿನ ಸುದ್ದಿ ಹೇಳಿದ್ದೂ ಅಲ್ಲೇ. ಕೇಳಿದವನು ಕೈಲಿದ್ದ ಕೊಕ್ಕೆಯನ್ನು ನೀರಿಗೆ ಬೀಳಿಸಿ, ಅರ್ಧ ದಿನ ಮುಳುಗಿ ಮುಳುಗಿ ಹುಡುಕಿದ್ದ. ಅತ್ತೆಮಾವಂದಿರು ಹೋದರು, ಮೈದುನರು ಬೇರೆ ಮನೆ ಮಾಡಿದರು, ಮಾತಾಡಲು ಬೇಕಾದಷ್ಟು ಜಾಗವಾಯಿತು. ಆದರೂ ಹಲಗೆ ಎತ್ತುವ ಹೊತ್ತಿಗೆ ಅವಳು ಮೆಟ್ಟಿಲಿಗೆ ಇಳಿಯುವುದು ತಪ್ಪಲಿಲ್ಲ. ನಲವತ್ತನಾಲ್ಕು ವರ್ಷದ ಅಭ್ಯಾಸ.

ಸಿಗಡಿಯ ತಲೆ, ಸಿಪ್ಪೆ ಎಲ್ಲ ಕಾಲುವೆಗೇ ಹೋಗುತ್ತಿತ್ತು. ಆ ಕಾಲದಲ್ಲಿ ಮರಿ ಬಿಡುವುದು, ಮೇವು ಹಾಕುವುದು ಒಂದೂ ಇರಲಿಲ್ಲ. ಭರತದ ನೀರಿನ ಜೊತೆ ಮರಿಗಳು ತಾವಾಗಿಯೇ ಒಳಗೆ ಬಂದು, ಸಿಕ್ಕಿದ್ದನ್ನು ತಿಂದು ಬೆಳೆಯುತ್ತಿದ್ದವು. ಅಜ್ಜಿ ಸಿಪ್ಪೆ ಎಸೆದರೆ ಪುಟಾಣಿ ಸಿಗಡಿಗಳು ಗುಂಪುಗುಂಪಾಗಿ ಬಂದು, ಅದರ ಜೊತೆ ಅವಳ ಕಾಲ್ಬೆರಳನ್ನೂ ಕಚ್ಚಿ ಕಚಗುಳಿ ಇಡುತ್ತಿದ್ದವು. ಅವಳು ಕಿಲಕಿಲ ನಗುವುದು ತೂಬಿನವರೆಗೂ ಕೇಳುತ್ತಿತ್ತು.

ಈಗ ಹೊಂಡ ಮಗನ ಕೈಯಲ್ಲಿತ್ತು. ಪರೀಕ್ಷೆ ಮಾಡಿಸಿದ ಮರಿ, ತೂಕ ಮಾಡಿದ ಮೇವು, ನೀರಿಗೆ ಗಾಳಿ ಬೆರೆಸುವ ಚಕ್ರಗಳು. ಹಕ್ಕಿ ಇಳಿಯದಂತೆ ಮೇಲೆ ದಾರ, ಏಡಿ ನುಗ್ಗದಂತೆ ಸುತ್ತ ಪ್ಲಾಸ್ಟಿಕ್ ಬೇಲಿ, ತೂಬಿಗೆ ಸಣ್ಣ ಕಣ್ಣಿನ ಜಾಲರಿ. ಹೊಂಡದ ಏರಿಯ ಬಾಯಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿ. ಯಾರೇ ಬರಲಿ, ಅದರಲ್ಲಿ ಕಾಲು ಅದ್ದಿಯೇ ಏರಿ ಹತ್ತಬೇಕು. ಅಜ್ಜ ಮಾತ್ರ ಅದನ್ನು ಕುದುರೆಯ ಹಾಗೆ ಹಾರಿ ದಾಟುತ್ತಿದ್ದ.

"ಅಪ್ಪಾ, ಕಾಲು ಅದ್ದಿ!"

"ನನ್ನ ಕಾಲಿಗೇನು ಹುಳ ಬಿದ್ದಿದ್ಯೇನೋ?"

"ನಿಮ್ಮ ಕಾಲಿಗಲ್ಲ. ಪಕ್ಕದವರ ಹೊಂಡ ನೋಡೋಕೆ ಹೋಗ್ತೀರಲ್ಲ, ಅಲ್ಲಿ ರೋಗ ಇದ್ರೆ ಕೆಸರಿನ ಜೊತೆ ಇಲ್ಲಿಗೂ ಬರುತ್ತೆ."

"ನಿಮ್ಮಜ್ಜನ ಕಾಲದಿಂದ ಬರದಿದ್ದ ರೋಗ ಈಗ ನನ್ನ ಹೆಗಲ ಮೇಲೆ ಕೂತ್ಕೊಂಡು ಬರುತ್ತಾ?"

ಅಪ್ಪ ಮಗ ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಸೊಸೆ ಮೇವಿನ ಬಕೆಟ್ಟು ಎತ್ತಿಕೊಂಡು, "ನೀವಿಬ್ರೂ ಕೂಗಾಡಿದ್ರೆ ಚಕ್ರವೇ ಬೇಡ, ನೀರಿಗೆ ಗಾಳಿ ತಾನೇ ಬೆರೆಯುತ್ತೆ" ಎಂದು ನಡುವೆ ಹಾದುಹೋಗುತ್ತಿದ್ದಳು.

ಸಿಗಡಿ ತಂದ ದಿನ ಭರತ ಜೋರಾಗಿತ್ತು. ಬಿಸಿಲಿಗೆ ಹೊಂಡದ ನೀರು ಇಳಿದಿದ್ದರಿಂದ ನೀರು ಬಿಡಬೇಕಿತ್ತು. ಜ್ವರ ಬಿಟ್ಟ ಮೇಲೆ ಮೊದಲ ಸಲ ಅಜ್ಜ ಕೊಕ್ಕೆ ಹಿಡಿದು ಹೊರಟ. ಮೂರನೇ ಮೆಟ್ಟಿಲಲ್ಲಿ ಅಜ್ಜಿ ಸಿಪ್ಪೆ ಬಿಡಿಸುತ್ತ ಕೂತಿದ್ದಳು.

"ಏನೇ, ಮಧ್ಯಾಹ್ನಕ್ಕೇನು ಅಡುಗೆ?"

"ಕೇಳಿದ್ದು ನೀವೇ, ಈಗ ಕೇಳೋದೂ ನೀವೇನಾ? ಕೈ ನಡುಗ್ತಿದೆ, ಜೋಪಾನ. ಕೊಕ್ಕೆ ಬಿದ್ರೆ ಮುಳುಗೋ ವಯಸ್ಸಲ್ಲ ಇದು!"

ಅಜ್ಜ ನಕ್ಕ. ಹಲಗೆ ಎತ್ತಿದ. ಬುಟ್ಟಿ ತೊಳೆದ ನೀರು, ಸಿಪ್ಪೆ, ತಲೆ, ಎಲ್ಲವೂ ಅವಳ ಕಾಲ ಬುಡದಿಂದ ತೇಲಿ ಅತ್ತ ಕಡೆ ಹೋಯಿತು. ದೊಡ್ಡ ಚೂರುಗಳನ್ನು ಜಾಲರಿ ತಡೆಯಿತು. ಆವತ್ತು ಅಜ್ಜ ಎರಡು ಸಲ, ಮಗ ಮೂರು ಸಲ ಸಾರು ಹಾಕಿಸಿಕೊಂಡರು. ಶಾಲೆಗೆ ಹೋಗುವ ಮೊಮ್ಮಗಳು ಚಿಣ್ಣಿ ಬಟ್ಟಲು ನೆಕ್ಕಿದಳು. ಬಹಳ ದಿನದ ಮೇಲೆ ಮನೆಯಲ್ಲಿ ಎಲ್ಲರೂ ನಗುತ್ತ ಊಟ ಮಾಡಿದ್ದರು.

ಹತ್ತನೇ ದಿನ ಬೆಳಿಗ್ಗೆ ಸೊಸೆ ಮೇವಿನ ತಟ್ಟೆ ಹಿಡಿದುಕೊಂಡು ಓಡಿಬಂದಳು. ಎಷ್ಟು ತಿಂದಿವೆ ಎಂದು ನೋಡಲು ನೀರಿನೊಳಗೆ ಇಳಿಬಿಡುವ ತಟ್ಟೆ ಅದು.

"ಇಲ್ಲಿ ನೋಡ್ರೀ. ನಿನ್ನೆವರೆಗೂ ಬಳಿದು ತಿಂತಿದ್ವು. ಇವತ್ತು ಹಾಕಿದ್ದು ಹಾಗೇ ಇದೆ."

ಮಗ ತಿನ್ನುತ್ತಿದ್ದ ತಿಂಡಿ ಬಿಟ್ಟು ಎದ್ದ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿರಬೇಕಾದ ಸಿಗಡಿಗಳು ದಂಡೆಗೆ ಬಂದು ಮಂಕಾಗಿ ನಿಂತಿದ್ದವು. ಮೈ ಕೆಂಪಗಾಗಿತ್ತು. ಎಲ್ಲಿದ್ದವೋ ಏನೋ, ಕಾಗೆಗಳೆಲ್ಲ ಬಂದು ಬೇಲಿಯ ಮೇಲೆ ಸಾಲಾಗಿ ಕೂತವು. ಮಗ ಒಂದನ್ನು ಹಿಡಿದು, ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದ. ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು. ಅವನು ಏರಿಯ ಮೇಲೆಯೇ ಕುಸಿದು ಕೂತ.

ಮಾರನೆಯ ದಿನ ಸಿಗಡಿ ರೋಗ ಪರೀಕ್ಷೆ ಮಾಡುವ ಲ್ಯಾಬಿನಾಕೆ ಬಂದಳು. ಬೂಟು ಹಾಕಿ, ತೊಟ್ಟಿಯಲ್ಲಿ ಕಾಲು ಅದ್ದಿ, ಹೊಂಡ ಸುತ್ತಿ ಮಾದರಿ ತೆಗೆದುಕೊಂಡು ಹೋದಳು. ಎರಡು ದಿನ ಬಿಟ್ಟು ವರದಿ ಹಿಡಿದು ಬಂದಾಗ ಆಗಲೇ ಅರ್ಧಕ್ಕರ್ಧ ಸತ್ತು ತೇಲುತ್ತಿದ್ದವು.

"ಬಿಳಿ ಚುಕ್ಕೆ ರೋಗ. ವೈರಸ್ಸು. ಮನುಷ್ಯರಿಗೆ ಏನೂ ಆಗಲ್ಲ, ಸಿಗಡಿಗೆ ಮಾತ್ರ ಔಷಧಿ ಇಲ್ಲ" ಎಂದಳು. "ಮರಿಗಳ ವರದಿ ನೋಡಿದೆ, ಶುದ್ಧವಾಗಿದ್ವು. ಹಾಗಾದ್ರೆ ಹೊರಗಿಂದಲೇ ಬಂದಿರೋದು. ಏಡಿ, ಹಕ್ಕಿ, ಬೇರೆಯವರ ಬಲೆ, ಕೆಸರಿನ ಕಾಲು. ಅದಕ್ಕಿಂತ ಕೆಟ್ಟದ್ದು ಅಂದ್ರೆ ಹೊರಗಿನ ಸಿಗಡಿ ತೊಳೆದ ನೀರು. ಸತ್ತ ಸಿಗಡೀಲೂ ಅದು ಜೀವಂತ ಇರುತ್ತೆ. ಜಾಲರಿಗೆಲ್ಲ ನಿಲ್ಲಲ್ಲ. ಈ ಕಾಲುವೆ ನೀರಲ್ಲಿ ಯಾರಾದ್ರೂ ಸಿಗಡಿ ತೊಳೀತೀರಾ?"

ಅಜ್ಜಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಅಜ್ಜನ ದನಿ ಬಂತು.

"ಇಲ್ಲಮ್ಮಾ. ನಾನೇ ಪಕ್ಕದವರ ಹೊಂಡಕ್ಕೆ ಹೋಗಿದ್ದೆ. ಕಾಲು ಅದ್ದದೆ ತೊಟ್ಟಿ ಹಾರಿ ಬಂದೆ. ಇವನು ಬಡ್ಕೊಂಡ, ನಾನು ಕೇಳ್ಲಿಲ್ಲ."

ಮಗ ಅಪ್ಪನನ್ನು ದಿಟ್ಟಿಸಿ ನೋಡಿದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ಗೋಡೆಗೆ ಒರಗಿಸಿದ್ದ ಕೊಕ್ಕೆ ತೆಗೆದುಕೊಂಡು ಹೋಗಿ ಮೇವಿನ ಕೋಣೆಯಲ್ಲಿಟ್ಟು ಬೀಗ ಜಡಿದ.

"ಇನ್ಮೇಲೆ ಅಪ್ಪ ಏರಿ ಹತ್ತೋ ಹಾಗಿಲ್ಲ."

ಆಮೇಲಿನ ದಿನಗಳು ವಾಸನೆಯಲ್ಲೇ ಕಳೆದವು. ಸತ್ತದ್ದನ್ನು ಬಾಚಿ ತೆಗೆದು, ಸುಣ್ಣ ಹಾಕಿ ಹೂಳುವುದು. ಹೊಂಡಕ್ಕೆ ಚೀಲಗಟ್ಟಲೆ ಬ್ಲೀಚಿಂಗ್ ಪುಡಿ ಸುರಿಯುವುದು. ಆ ನೀರನ್ನು ಕಾಲುವೆಗೆ ಬಿಟ್ಟರೆ ಅಕ್ಕಪಕ್ಕದವರ ಹೊಂಡಕ್ಕೂ ರೋಗ ಹೋಗುತ್ತದೆಂದು ವಾರಗಟ್ಟಲೆ ಹಾಗೇ ಹಿಡಿದಿಟ್ಟುಕೊಳ್ಳುವುದು. ಮಗ ಸೊಸೆ ಇಬ್ಬರೂ ಬೆಳಗಿನಿಂದ ಸಂಜೆವರೆಗೆ ದುಡಿದರು. ಸೊಸೆಯ ಅಂಗೈ ಬ್ಲೀಚಿಂಗಿಗೆ ಸುಲಿದುಹೋಗಿ, ಅನ್ನ ಕಲಸಲು ಆಗದೆ ಚಮಚದಲ್ಲಿ ತಿನ್ನುತ್ತಿದ್ದಳು. ಅಜ್ಜಿ ಅದನ್ನು ನೋಡಿ ತಟ್ಟೆ ಬಿಟ್ಟು ಏಳುತ್ತಿದ್ದಳು.

ಊಟದ ಹೊತ್ತಿಗೆ ಅಪ್ಪ ಒಂದು ಗೋಡೆಗೆ, ಮಗ ಇನ್ನೊಂದು ಗೋಡೆಗೆ. ನಡುವೆ ಟಪಾಲಿನ ಕೆಲಸ ಚಿಣ್ಣಿಯದು.

"ಚಿಣ್ಣೀ, ನಿಮ್ಮಜ್ಜನ್ನ ಕೇಳು, ಮಾತ್ರೆ ತಗೊಂಡ್ರಾ ಅಂತ."

"ಚಿಣ್ಣೀ, ನಿಮ್ಮಪ್ಪಂಗೆ ಹೇಳು, ನಾನಿನ್ನೂ ಸತ್ತಿಲ್ಲ ಅಂತ."

"ಇಬ್ರಿಗೂ ಕಿವಿ ಕೇಳಿಸುತ್ತೆ. ನನ್ನ ಅನ್ನ ತಣ್ಣಗಾಗ್ತಿದೆ" ಎನ್ನುತ್ತಿದ್ದಳು ಚಿಣ್ಣಿ.

ಅಜ್ಜ ಜಗಲಿಯ ಬೆಂಚಿನಲ್ಲಿ ಕೂತಿರುತ್ತಿದ್ದ. ಭರತ ಏರುವ ಹೊತ್ತು ಅವನಿಗೆ ಗಡಿಯಾರ ನೋಡದೆ ಗೊತ್ತಾಗುತ್ತಿತ್ತು. ಆಗ ಎದ್ದು ನಿಂತು, ಗೋಡೆಯ ಕಡೆ ಕೈ ಚಾಚಿ, ಅಲ್ಲಿ ಕೊಕ್ಕೆ ಇಲ್ಲದ್ದು ನೆನಪಾಗಿ ಮತ್ತೆ ಕೂರುತ್ತಿದ್ದ. ಅಜ್ಜಿ ಕಿಟಕಿಯಿಂದ ನೋಡುತ್ತಿದ್ದಳು. ಅವಳೂ ಮೆಟ್ಟಿಲಿಳಿಯುವುದನ್ನು ಬಿಟ್ಟಿದ್ದಳು.

"ಅತ್ತೆ, ಪಾತ್ರೆ ಎಲ್ಲ ನಲ್ಲಿ ಕೆಳಗೇ ತೊಳೀತಿದ್ದೀರಲ್ಲ?" ಎಂದು ಸೊಸೆ ಕೇಳಿದಳು.

"ಮೊಣಕಾಲು ಹಿಡ್ಕೊಂಡಿದೆ ಕಣಮ್ಮಾ."

ಒಂದು ದಿನ ಮಗ ಸೊಸೆ ಇಬ್ಬರೂ ಹೊರಗೆ ಹೋಗಿದ್ದಾಗ, ಅಜ್ಜಿ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಗಂಡನ ಪಕ್ಕ ಕೂತಳು.

"ಯಾಕ್ರೀ ಸುಳ್ಳು ಹೇಳಿದ್ರಿ?"

"ತೊಟ್ಟಿ ಹಾರ್ತಿದ್ದದ್ದು ಸುಳ್ಳಾ?"

"ಹಾರ್ತಿದ್ದದ್ದು ನಿಜ. ಆದ್ರೆ ನೀವು ಇಪ್ಪತ್ತು ದಿನ ಜ್ವರದಲ್ಲಿ ಚಾಪೆ ಬಿಟ್ಟು ಎದ್ದಿರ್ಲಿಲ್ಲ, ಎದ್ದ ಮೇಲೂ ತೂಬಿನಿಂದಾಚೆ ಹೋಗ್ಲಿಲ್ಲ. ಯಾರ ಹೊಂಡಕ್ಕೆ ಹೋಗಿದ್ರಿ? ನಾನು ತೊಳೆದದ್ದು ನಿಮಗೆ ಕಾಣಿಸ್ಲಿಲ್ವಾ?"

ಅಜ್ಜ ಸುತ್ತ ನೋಡಿದ. "ಮೆಲ್ಲಗೆ ಮಾತಾಡೇ. ಸಾರು ಕೇಳಿದವನು ನಾನು. ನೀನು ತೊಳೀತಿದ್ದಾಗ ಹಲಗೆ ಎತ್ತಿದವನು ನಾನು. ನನ್ನದು ಅಂದ್ರೆ ತಪ್ಪೇನು?"

"ನಾನು ಹೇಳಿಬಿಡ್ತೀನಿ."

"ಹೇಳ್ಕೂಡದು. ನನ್ನಾಣೆ. ಅಕ್ಕಿ ಆರಿಸು."

ಅವಳು ಆರಿಸಿದಳು. ಆವತ್ತಿನ ಅನ್ನದಲ್ಲಿ ಎಲ್ಲರಿಗೂ ಕಲ್ಲು ಸಿಕ್ಕಿತು.

ಏಳು ವಾರವಾಯಿತು. ಹೊಂಡ ಒಣಗಿ ಬಿರುಕು ಬಿಟ್ಟಿತು. ಸುಣ್ಣ ಹೊಡೆದು, ಉತ್ತು, ಮತ್ತೆ ಒಣಗಿಸಿದರು. ಲ್ಯಾಬಿನಾಕೆ ಬಂದು ನೋಡಿ, ಇನ್ನು ನೀರು ಬಿಡಬಹುದೆಂದಳು. ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮಗ, ಚಿಣ್ಣಿಯ ಮುಖಾಂತರವಲ್ಲದೆ ನೇರವಾಗಿ ಮಾತಾಡಿದ.

"ಮುಂದಿನ ವಾರ ನೀರು ಬಿಡ್ತೀವಿ. ತೂಬಿಗೆ ಕಬ್ಬಿಣದ ಬಾಗಿಲು ಬರುತ್ತೆ, ಹಲಗೆ ಕೊಕ್ಕೆ ಎರಡೂ ಗುಜರಿಗೆ. ಈ ಬೆಳೆ ಮುಗಿಯೋವರೆಗೆ ಅಪ್ಪ ಅಕ್ಕನ ಮನೇಲಿರ್ಲಿ. ಅವಳ ಹತ್ರ ಮಾತಾಡಿದ್ದೀನಿ. ನಾಲ್ಕು ತಿಂಗಳು."

ಅಜ್ಜ ತಲೆ ಎತ್ತಲಿಲ್ಲ. "ಆಯ್ತು" ಎಂದ. ಅಷ್ಟು ಮೆತ್ತಗೆ ಅವನು ಆಯ್ತು ಎಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಚಿಣ್ಣಿ ಅಳಲು ಶುರು ಮಾಡಿದಳು.

ಅಜ್ಜಿಯ ಕೈಯಲ್ಲಿ ಸಾರಿನ ಸೌಟಿತ್ತು. ಅದನ್ನು ಪಾತ್ರೆಗೆ ಹಾಕಿ ನೆಟ್ಟಗೆ ನಿಂತಳು.

"ಅಪ್ಪ ಎಲ್ಲಿಗೂ ಹೋಗಲ್ಲ. ಹೋಗೋದಾದ್ರೆ ನಾನು ಹೋಗ್ಬೇಕು. ಮಾರ್ಕೆಟ್ ಸಿಗಡಿ ಮೆಟ್ಟಿಲ ಮೇಲೆ ಕೂತು ತೊಳೆದವಳು ನಾನು. ಆವತ್ತು ತೂಬು ತೆರೆದಿತ್ತು."

"ಲೇ!" ಎಂದ ಅಜ್ಜ.

"ನಿಮ್ಮಾಣೆ ನಿಮ್ಮ ಹತ್ರಾನೇ ಇರ್ಲಿ. ಇಪ್ಪತ್ತು ದಿನ ಮಲಗಿದ್ದವರು ಯಾರ ಹೊಂಡಕ್ಕೆ ಹೋಗ್ತಾರೆ? ಒಬ್ರಾದ್ರೂ ಕೇಳಿದ್ರಾ? ಅವರು ಹೇಳಿದ್ರು, ನೀವು ನಂಬಿದ್ರಿ. ನಾನೂ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ನನಗೆ ನಾಚಿಕೆ ಆಗ್ಬೇಕು."

ಮಗನ ಕೈಯ ತುತ್ತು ತಟ್ಟೆಗೆ ಬಿತ್ತು. "ಅಮ್ಮಾ, ಹೊರಗಿನ ಸಿಗಡಿ ಆ ನೀರಿಗೆ ಸೋಕಬಾರದು ಅಂತ ನಾನು ಎಷ್ಟು ಸಲ..."

"ಎಷ್ಟು ಸಲ ಹೇಳಿದ್ರಿ?" ಎಂದವಳು ಸೊಸೆ. "ಹಕ್ಕಿಗೆ ದಾರ ಕಟ್ಟಿದ್ರಿ, ಏಡಿಗೆ ಬೇಲಿ ಹಾಕಿದ್ರಿ, ಮಾವನ ಕಾಲಿಗೆ ತೊಟ್ಟಿ ಇಟ್ರಿ. ಅಡುಗೆಮನೆಗೆ ಬಂದು ಯಾವತ್ತು ಏನು ಹೇಳಿದ್ರಿ? ಆವತ್ತು ನೀವೂ ಮೂರು ಸಲ ಹಾಕಿಸ್ಕೊಂಡು ತಿಂದ್ರಿ. ಎಲ್ಲಿ ತೊಳೆದ್ರು ಅಂತ ಕೇಳಿದ್ರಾ? ನಾನೂ ಕೇಳ್ಲಿಲ್ಲ. ಅತ್ತೇನ ಅನ್ನಬೇಡಿ."

ಮಗ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಅಪ್ಪನ ಕಡೆ ತಿರುಗಿದ. ಕಣ್ಣು ತುಂಬಿತ್ತು. "ನನ್ನ ಹತ್ರ ಯಾಕಪ್ಪಾ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಾರನೇ ದಿನಾನೇ ಮೆಟ್ಟಿಲು ಒಡೆಸ್ತಿದ್ದೆ." ಅಜ್ಜ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದ. "ಕೊಕ್ಕೆ ನನ್ನದು. ಹೋದ್ರೆ ಹೋಗ್ಲಿ. ಮೆಟ್ಟಿಲು ಅವಳದು. ಅವಳಿಗೋಸ್ಕರ ಕಟ್ಟಿದ್ದು."

ನಲವತ್ತನಾಲ್ಕು ವರ್ಷದಲ್ಲಿ ಅಜ್ಜಿ ಆ ಮಾತನ್ನು ಮೊದಲ ಸಲ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಒಳಗಿನಿಂದಲೇ ಅವಳ ದನಿ ಬಂತು.

"ಮೆಟ್ಟಿಲು ಮುಚ್ಚಿಸು ಮಗಾ. ಆ ಮರಿಗಳ ಮೇಲೆ ಇನ್ನೊಂದು ಸಲ ನನ್ನ ಕೈ ಬೀಳೋದು ಬೇಡ."

ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಲು ಗಾರೆಯವನನ್ನು ಕರೆಸುತ್ತೇನೆಂದು ಮಗ ಎಂದರೆ ಅಜ್ಜ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕಟ್ಟಿದವನೇ ಮುಚ್ಚುತ್ತೇನೆಂದ. ನಾಲ್ಕು ದಿನ ಹಿಡಿಯಿತು. ಮಗ ಇಟ್ಟಿಗೆ ಎತ್ತಿ ಕೊಟ್ಟ, ಅಪ್ಪ ಗಾರೆ ಹಚ್ಚಿದ. "ಇದು ಸೊಟ್ಟ ಇದೆ", "ನಿಮ್ಮ ಕಣ್ಣು ಸೊಟ್ಟ" ಎಂದು ಇಬ್ಬರೂ ಜಗಳ ಶುರು ಮಾಡಿದಾಗ ಸೊಸೆ ಅಡುಗೆಮನೆಯಲ್ಲಿ ನಿಟ್ಟುಸಿರು ಬಿಟ್ಟು, "ಸದ್ಯ" ಎಂದಳು. ಕೆಳಗಿನ ಐದು ಮೆಟ್ಟಿಲು ಗೋಡೆಯ ಆಚೆ ಹೋದವು. ಮೇಲಿನ ಎರಡನ್ನು ಅಜ್ಜ ಹಾಗೇ ಉಳಿಸಿದ. ಕಬ್ಬಿಣದ ಬಾಗಿಲಿನ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ನೀರು ಬಿಡುವ ದಿನ ಬೆಳಿಗ್ಗೆ ಕೊಕ್ಕೆ ತಂದು, ಅದರ ಹಳೇ ಜಾಗದಲ್ಲಿ ಗೋಡೆಗೆ ಒರಗಿಸಿದ.

ಆ ದಿನ ಅಜ್ಜಿಯೂ ಏರಿಯ ಕಡೆ ಬಂದಳು. ತೊಟ್ಟಿಯ ಹತ್ತಿರ ಅಜ್ಜ ಅಭ್ಯಾಸಬಲದಿಂದ ಹಾರಲು ಕಾಲೆತ್ತಿದ. ಅಜ್ಜಿ ಅವನ ತೋಳು ಹಿಡಿದು, ತಾನೂ ಸೀರೆ ಎತ್ತಿ ತೊಟ್ಟಿಗೆ ಇಳಿದಳು. "ಉರಿಯುತ್ತೆ ಕಣೇ" ಎಂದು ಗೊಣಗುತ್ತ ಅಜ್ಜನೂ ಇಳಿದ. ಚಿಣ್ಣಿ ಚಪ್ಪಾಳೆ ತಟ್ಟಿದಳು.

ತೂಬಿನ ಹತ್ತಿರ ಇಬ್ಬರೂ ಅಕ್ಕಪಕ್ಕ ನಿಂತರು. ಭರತ ಏರುತ್ತಿತ್ತು. ಮೂವತ್ತು ಅಡಿ ದೂರದಿಂದ ಅಷ್ಟು ವರ್ಷ ಮಾತಾಡಿದವರಿಗೆ ಹೆಗಲಿಗೆ ಹೆಗಲು ತಾಗಿದಾಗ ಒಂದು ಮಾತೂ ಹೊಳೆಯಲಿಲ್ಲ. ಅಜ್ಜ ಕೊಕ್ಕೆಯನ್ನು ಆ ಕೈಗೆ ಈ ಕೈಗೆ ಬದಲಾಯಿಸಿದ. ಕೆಮ್ಮಿದ.

"ನೀನು ಅಲ್ಲಿಗೇ ಹೋಗೇ" ಎಂದ ಕೊನೆಗೆ. "ಇಲ್ಲಿ ನಿಂತ್ರೆ ನಂಗೆ ಕೈ ಓಡಲ್ಲ."

ಅಜ್ಜಿ ಸುತ್ತು ಹಾಕಿ ಹಿತ್ತಲಿಗೆ ಬಂದು, ಉಳಿದ ಎರಡು ಮೆಟ್ಟಿಲಲ್ಲಿ ಕೆಳಗಿನದರ ಮೇಲೆ ಕೂತಳು. ಕೈಯಲ್ಲಿ ಬುಟ್ಟಿಯಿಲ್ಲ, ಪಾತ್ರೆಯಿಲ್ಲ. ಹೊಸ ಗೋಡೆಯ ಆಚೆ ನೀರು ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ ಕೇಳುತ್ತಿತ್ತು. ಗೋಡೆಯ ಮೇಲಿಂದ ಗಂಡನ ತಲೆ, ಹೆಗಲು, ಎತ್ತಿದ ಕೊಕ್ಕೆ ಕಂಡವು. ಹಲಗೆ ಕಿರುಗುಟ್ಟಿ ಮೇಲೆ ಬಂತು. ನೀರು ಭೋರೆಂದು ಒಳನುಗ್ಗಿತು.

"ಏನೇ, ಮಧ್ಯಾಹ್ನಕ್ಕೇನು ಅಡುಗೆ?"

ಅಜ್ಜಿ ಕಾಲ್ಬೆರಳುಗಳನ್ನು ಒಣ ಕಲ್ಲಿನ ಮೇಲೆ ಮುದುರಿಕೊಂಡು, ತೂಬಿನವರೆಗೂ ಕೇಳುವಂತೆ ಕೂಗಿದಳು.

"ಸಿಗಡಿ ಒಂದು ಬಿಟ್ಟು ಏನು ಬೇಕೋ ಹೇಳಿ!"